ಅವಿಭಾಜ್ಯ ಸಂಖ್ಯೆಗಳ ಮೂಲ ಗುಣಗಳು ಮತ್ತು ಶೇಷಸಹಿತ ಭಾಗಾಕಾರ

1ಕ್ಕಿಂತ ದೊಡ್ಡದಾಗಿದ್ದು, 1 ಮತ್ತು ತನ್ನಿಂದ ಮಾತ್ರ ನಿಶ್ಶೇಷವಾಗಿ ಭಾಗವಾಗುವ ಸ್ವಾಭಾವಿಕ ಸಂಖ್ಯೆಯನ್ನು ಅವಿಭಾಜ್ಯ ಸಂಖ್ಯೆ ಎನ್ನುತ್ತಾರೆ. 2, 3, 5, 7, 11, 13 ಮೊದಲ ಕೆಲವು ಅವಿಭಾಜ್ಯ ಸಂಖ್ಯೆಗಳು. ಅವಿಭಾಜ್ಯ ಸಂಖ್ಯೆಗಳು ಅನಂತವಾಗಿವೆ ಎಂಬುದು, ಒಂದು ಗುಣಲಬ್ಧವನ್ನು ಭಾಗಿಸುವ ಅವಿಭಾಜ್ಯ ಸಂಖ್ಯೆ ಅದರ ಅಪವರ್ತನಗಳಲ್ಲಿ ಒಂದನ್ನಾದರೂ ಭಾಗಿಸಲೇಬೇಕು ಎಂಬುದು, ಪ್ರತಿಯೊಂದು ಸಂಖ್ಯೆಯನ್ನೂ ಅವಿಭಾಜ್ಯಗಳ ಗುಣಲಬ್ಧವಾಗಿ ಒಂದೇ ಬಗೆಯಲ್ಲಿ ಬರೆಯಬಹುದು ಎಂಬುದು ಇವುಗಳ ಮೂಲ ಗುಣಗಳು. ಈ ಎಲ್ಲವನ್ನೂ ಶಾಲೆಯಲ್ಲಿ ಕಲಿಯುವ ಭಾಗಾಕಾರ ಮತ್ತು ಅದರಲ್ಲಿ ಉಳಿಯುವ ಶೇಷದ ನೆರವಿನಿಂದಲೇ ಸಾಧಿಸಬಹುದು.

ಶಾಲಾ ಪಠ್ಯಗಳಲ್ಲಿ ಮೂರನೆಯ ಗುಣವನ್ನು ಸಾಮಾನ್ಯವಾಗಿ ಸಾಧನೆಯಿಲ್ಲದೆ ಒಪ್ಪಿಕೊಂಡು, ಅದರಿಂದ ಎರಡನೆಯದನ್ನು ಪಡೆಯುತ್ತಾರೆ. ಆದರೆ ಮೂರನೆಯದನ್ನು ಸಾಧಿಸಲು ಎರಡನೆಯದೇ ಬೇಕಾಗುವುದರಿಂದ, ಎರಡಕ್ಕೂ ಸ್ವತಂತ್ರವಾದ ಆಧಾರವಿಲ್ಲದಿದ್ದರೆ ವಾದವು ಚಕ್ರದಂತೆ ತಿರುಗಿ ಮೊದಲಿನ ಸ್ಥಳಕ್ಕೇ ಬರುತ್ತದೆ. ಆ ಆಧಾರವನ್ನು ಒದಗಿಸುವುದು ಶೇಷಸಹಿತ ಭಾಗಾಕಾರ. ಯೂಕ್ಲಿಡನ ಪರಸ್ಪರ ಭಾಗಾಕಾರ ಕ್ರಮ ಮತ್ತು ಭಾರತೀಯ ಗಣಿತದ ಕುಟ್ಟಕ ವಿಧಾನ ಎರಡೂ ಇದೇ ಭಾಗಾಕಾರವನ್ನು ಅವಲಂಬಿಸಿವೆ. 9ನೆಯ ಶತಮಾನದಲ್ಲಿ ರಾಷ್ಟ್ರಕೂಟರ ಆಶ್ರಯದಲ್ಲಿದ್ದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ ಕುಟ್ಟಕದ ವಿಸ್ತಾರವಾದ ನಿರೂಪಣೆಯಿದೆ.

ಪರಿಭಾಷೆ ಮತ್ತು ಸಂಕೇತಗಳು

ಈ ಲೇಖನದಲ್ಲಿ ಅ, ಬ, ಗ ಎಂಬ ಅಕ್ಷರಗಳು ಸಂಖ್ಯೆಗಳನ್ನೂ, ಪ ಎಂಬುದು ಅವಿಭಾಜ್ಯ ಸಂಖ್ಯೆಯನ್ನೂ, ಲ ಎಂಬುದು ಭಾಗಲಬ್ಧವನ್ನೂ, ಶ ಎಂಬುದು ಶೇಷವನ್ನೂ ಸೂಚಿಸುತ್ತವೆ. ಅ-ವನ್ನು ಬ-ದಿಂದ ಭಾಗಿಸಿದಾಗ ಶೇಷ 0 ಆದರೆ ‘ಬ-ವು ಅ-ವನ್ನು ಭಾಗಿಸುತ್ತದೆ’ ಎನ್ನುತ್ತಾರೆ. ಆಗ ಬ-ವು ಅ-ದ ಅಪವರ್ತನ, ಅ-ವು ಬ-ದ ಅಪವರ್ತ್ಯ. 1ಕ್ಕಿಂತ ದೊಡ್ಡದಾಗಿದ್ದು ಅವಿಭಾಜ್ಯವಲ್ಲದ ಸಂಖ್ಯೆಯನ್ನು ಸಂಯುಕ್ತ ಸಂಖ್ಯೆ ಎನ್ನುತ್ತಾರೆ. 1 ಅವಿಭಾಜ್ಯವೂ ಅಲ್ಲ, ಸಂಯುಕ್ತವೂ ಅಲ್ಲ. ಎರಡು ಸಂಖ್ಯೆಗಳಿಗೆ 1ನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲದಿದ್ದರೆ ಅವು ಸಹ-ಅವಿಭಾಜ್ಯಗಳು. ಮಹತ್ತಮ ಸಾಮಾನ್ಯ ಅಪವರ್ತನವನ್ನು ಮ.ಸಾ.ಅ. ಎಂದು ಸಂಕ್ಷೇಪಿಸಲಾಗಿದೆ.

ಒಂದು ಸರಳ ಸಂಗತಿ ಮುಂದೆ ಪದೇ ಪದೇ ಬಳಕೆಯಾಗುತ್ತದೆ: ಒಂದು ಸಂಖ್ಯೆಯು ಬೇರೆ ಎರಡು ಸಂಖ್ಯೆಗಳನ್ನು ಭಾಗಿಸಿದರೆ ಅವುಗಳ ಮೊತ್ತವನ್ನೂ ವ್ಯತ್ಯಾಸವನ್ನೂ, ಅವುಗಳ ಯಾವುದೇ ಅಪವರ್ತ್ಯವನ್ನೂ ಭಾಗಿಸುತ್ತದೆ.

ಭಾಗಾಕಾರ ಪ್ರಮೇಯ

ಅ ಎಂಬ ಪೂರ್ಣ ಸಂಖ್ಯೆಯನ್ನೂ ಬ ಎಂಬ ಧನಪೂರ್ಣಾಂಕವನ್ನೂ ತೆಗೆದುಕೊಂಡರೆ,

ಅ = ಬ × ಲ + ಶ, 0 ≤ ಶ < ಬ

ಆಗುವಂತೆ ಲ ಮತ್ತು ಶ ಎಂಬ ಒಂದೇ ಒಂದು ಜೋಡಿ ಇರುತ್ತದೆ.

ಸಾಧನೆ: ಅ-ದಿಂದ ಬ-ವನ್ನು ಮತ್ತೆ ಮತ್ತೆ ಕಳೆಯುತ್ತ ಹೋದರೆ ಸಂಖ್ಯೆ ಇಳಿಯುತ್ತ ಹೋಗುತ್ತದೆ. ಪೂರ್ಣ ಸಂಖ್ಯೆಗಳು ಕೊನೆಯಿಲ್ಲದೆ ಇಳಿಯಲಾರವಾದ್ದರಿಂದ ಒಂದು ಹಂತದಲ್ಲಿ ಬ-ಗಿಂತ ಚಿಕ್ಕದಾದ ಸಂಖ್ಯೆ ಉಳಿಯುತ್ತದೆ. ಅದೇ ಶೇಷ, ಕಳೆದ ಸಲಗಳ ಸಂಖ್ಯೆಯೇ ಭಾಗಲಬ್ಧ. ಇಂತಹ ಎರಡು ಜೋಡಿಗಳಿವೆ ಎಂದು ಭಾವಿಸಿದರೆ, ಎರಡು ಶೇಷಗಳ ವ್ಯತ್ಯಾಸವು ಬ-ದ ಅಪವರ್ತ್ಯವಾಗಬೇಕು. ಆದರೆ ಎರಡೂ ಶೇಷಗಳು ಬ-ಗಿಂತ ಚಿಕ್ಕವಾದ್ದರಿಂದ ಅವುಗಳ ವ್ಯತ್ಯಾಸವೂ ಬ-ಗಿಂತ ಚಿಕ್ಕದು. ಬ-ಗಿಂತ ಚಿಕ್ಕದಾದ ಅಪವರ್ತ್ಯ 0 ಮಾತ್ರ. ಆದ್ದರಿಂದ ಶೇಷಗಳು ಒಂದೇ. ಹಾಗಾಗಿ ಭಾಗಲಬ್ಧಗಳೂ ಒಂದೇ.

ಶೇಷವು ಭಾಜಕಕ್ಕಿಂತ ಚಿಕ್ಕದು ಎಂಬ ಈ ಸಣ್ಣ ಷರತ್ತೇ ಮುಂದಿನ ಎಲ್ಲ ಸಾಧನೆಗಳ ಬಲ.

ಅತಿ ಚಿಕ್ಕ ಅಪವರ್ತನ

1ಕ್ಕಿಂತ ದೊಡ್ಡದಾದ ಪ್ರತಿಯೊಂದು ಸಂಖ್ಯೆಗೂ ಕನಿಷ್ಠ ಒಂದು ಅವಿಭಾಜ್ಯ ಅಪವರ್ತನವಿದೆ. ಆ ಸಂಖ್ಯೆಯ ಅಪವರ್ತನಗಳಲ್ಲಿ 1ನ್ನು ಬಿಟ್ಟು ಅತಿ ಚಿಕ್ಕದನ್ನು ಗ ಎನ್ನೋಣ. ಗ-ವು ಸಂಯುಕ್ತವಾಗಿದ್ದರೆ ಅದಕ್ಕೆ ಇನ್ನೂ ಚಿಕ್ಕದಾದ, ಆದರೆ 1ಕ್ಕಿಂತ ದೊಡ್ಡದಾದ ಅಪವರ್ತನವಿರುತ್ತಿತ್ತು. ಅದು ಮೂಲ ಸಂಖ್ಯೆಯನ್ನೂ ಭಾಗಿಸುತ್ತಿದ್ದುದರಿಂದ ಗ-ವೇ ಅತಿ ಚಿಕ್ಕದು ಎಂಬುದಕ್ಕೆ ವಿರುದ್ಧವಾಗುತ್ತದೆ. ಆದ್ದರಿಂದ ಗ-ವು ಅವಿಭಾಜ್ಯ.

ಮೂಲ ಸಂಖ್ಯೆ ಸಂಯುಕ್ತವಾಗಿದ್ದರೆ ಅದನ್ನು ಗ × ಬ ಎಂದು ಬರೆಯಬಹುದು. ಇಲ್ಲಿ ಬ-ವು ಗ-ಗಿಂತ ಚಿಕ್ಕದಲ್ಲ. ಹಾಗಾಗಿ ಗ-ದ ವರ್ಗವು ಮೂಲ ಸಂಖ್ಯೆಯನ್ನು ಮೀರುವುದಿಲ್ಲ. ಎಂದರೆ, ಒಂದು ಸಂಖ್ಯೆ ಅವಿಭಾಜ್ಯವೇ ಎಂದು ತಿಳಿಯಲು ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು.

ಉದಾಹರಣೆಗೆ ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಎರಡು ಅಂಚೆ ಪಿನ್‌ಕೋಡ್‌ಗಳನ್ನು ಸಂಖ್ಯೆಗಳೆಂದು ಪರಿಗಣಿಸಬಹುದು: ಧಾರವಾಡದ 580001 ಮತ್ತು ಹುಬ್ಬಳ್ಳಿಯ 580020. ಎರಡನೆಯದು 0ಯಿಂದ ಕೊನೆಗೊಳ್ಳುವುದರಿಂದ ಅದು ಸಂಯುಕ್ತವೆಂದು ನೋಡಿದೊಡನೆಯೇ ತಿಳಿಯುತ್ತದೆ. ಅದರ ಪೂರ್ಣ ಅಪವರ್ತನ ಹೀಗಿದೆ:

580020 = 2 × 2 × 3 × 5 × 7 × 1381

ಇಲ್ಲಿ 1381ರ ವರ್ಗಮೂಲ 37 ಮತ್ತು 38ರ ನಡುವೆ ಇದೆ. 37ರವರೆಗಿನ ಯಾವ ಅವಿಭಾಜ್ಯವೂ ಅದನ್ನು ಭಾಗಿಸದ ಕಾರಣ 1381 ಅವಿಭಾಜ್ಯ. 580001ರ ವಿಷಯದಲ್ಲಿ ಕೆಲಸ ಹೆಚ್ಚು. 761ರ ವರ್ಗ 579121, 762ರ ವರ್ಗ 580644. ಆದ್ದರಿಂದ 761ರವರೆಗಿನ 135 ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು. 3ರಿಂದ ಭಾಗಿಸಿದಾಗ ಶೇಷ 2, 7ರಿಂದ 2, 11ರಿಂದ 4, 13ರಿಂದ 6, 29ರಿಂದ 1, ಕೊನೆಗೆ 761ರಿಂದ 119. ಎಲ್ಲಿಯೂ ಶೇಷ 0 ಆಗುವುದಿಲ್ಲ. ಹೀಗಾಗಿ 580001 ಒಂದು ಅವಿಭಾಜ್ಯ ಸಂಖ್ಯೆ.

ಅವಿಭಾಜ್ಯಗಳ ಅನಂತತೆ

ಯೂಕ್ಲಿಡನ ‘ಎಲಿಮೆಂಟ್ಸ್’ ಗ್ರಂಥದ 9ನೆಯ ಸಂಪುಟದ 20ನೆಯ ಪ್ರಮೇಯವು, ಅವಿಭಾಜ್ಯಗಳ ಯಾವುದೇ ಸೀಮಿತ ಪಟ್ಟಿಯನ್ನು ಕೊಟ್ಟರೂ ಅದರ ಹೊರಗೆ ಇನ್ನೊಂದು ಅವಿಭಾಜ್ಯ ಇದ್ದೇ ಇರುತ್ತದೆ ಎಂದು ತೋರಿಸುತ್ತದೆ.

ಸಾಧನೆ: ಪಟ್ಟಿಯಲ್ಲಿರುವ ಎಲ್ಲ ಅವಿಭಾಜ್ಯಗಳನ್ನು ಗುಣಿಸಿ 1ನ್ನು ಕೂಡಿಸಬೇಕು. ದೊರೆತ ಸಂಖ್ಯೆಯನ್ನು ಪಟ್ಟಿಯ ಯಾವ ಅವಿಭಾಜ್ಯದಿಂದ ಭಾಗಿಸಿದರೂ ಶೇಷ 1 ಉಳಿಯುತ್ತದೆ. ಆದರೆ ಹಿಂದಿನ ವಿಭಾಗದ ಪ್ರಕಾರ ಆ ಸಂಖ್ಯೆಗೆ ಒಂದು ಅವಿಭಾಜ್ಯ ಅಪವರ್ತನ ಇರಲೇಬೇಕು. ಅದು ಪಟ್ಟಿಯಲ್ಲಿ ಇರಲಾರದು.

ದೊರೆತ ಸಂಖ್ಯೆಯೇ ಅವಿಭಾಜ್ಯವಾಗಿರಬೇಕು ಎಂದು ಭಾವಿಸುವುದು ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ತಪ್ಪು. 2 × 3 × 5 × 7 × 11 × 13 + 1 = 30031 ಎಂಬುದು 59 × 509ಕ್ಕೆ ಸಮ; ಅದು ಸಂಯುಕ್ತ. ಆದರೆ 59 ಮತ್ತು 509 ಎರಡೂ ಪಟ್ಟಿಯ ಹೊರಗಿನ ಅವಿಭಾಜ್ಯಗಳು. ಪ್ರಮೇಯ ಹೇಳುವುದು ಇಷ್ಟನ್ನೇ.

6ರಿಂದ ಭಾಗಿಸಿದಾಗ ಉಳಿಯುವ ಶೇಷ

3ಕ್ಕಿಂತ ದೊಡ್ಡದಾದ ಪ್ರತಿಯೊಂದು ಅವಿಭಾಜ್ಯವನ್ನು 6ರಿಂದ ಭಾಗಿಸಿದಾಗ ಶೇಷ 1 ಅಥವಾ 5 ಆಗಿರುತ್ತದೆ. ಶೇಷ 0, 2 ಅಥವಾ 4 ಆಗಿದ್ದರೆ ಸಂಖ್ಯೆ 2ರಿಂದಲೂ, ಶೇಷ 3 ಆಗಿದ್ದರೆ 3ರಿಂದಲೂ ಭಾಗವಾಗುತ್ತದೆ. 580001 = 6 × 96666 + 5 ಆದ್ದರಿಂದ ಧಾರವಾಡದ ಸಂಖ್ಯೆ ಎರಡನೆಯ ಗುಂಪಿನದು. ಇದರ ವಿಲೋಮ ಸತ್ಯವಲ್ಲ: 25ರ ಶೇಷ 1, 35ರ ಶೇಷ 5, ಎರಡೂ ಸಂಯುಕ್ತಗಳು.

ಶೇಷ 5 ಇರುವ ಅವಿಭಾಜ್ಯಗಳೂ ಅನಂತವಾಗಿವೆ. ಅಂತಹ ಅವಿಭಾಜ್ಯಗಳ ಒಂದು ಸೀಮಿತ ಪಟ್ಟಿಯನ್ನು ತೆಗೆದುಕೊಂಡು, ಅವುಗಳ ಗುಣಲಬ್ಧವನ್ನು 6ರಿಂದ ಗುಣಿಸಿ 1ನ್ನು ಕಳೆಯಬೇಕು. ಬರುವ ಸಂಖ್ಯೆಯ ಶೇಷ 5. ಅದನ್ನು 2 ಅಥವಾ 3 ಭಾಗಿಸುವುದಿಲ್ಲ. ಶೇಷ 1 ಇರುವ ಸಂಖ್ಯೆಗಳನ್ನು ಎಷ್ಟು ಗುಣಿಸಿದರೂ ಗುಣಲಬ್ಧದ ಶೇಷ 1 ಆಗಿಯೇ ಉಳಿಯುತ್ತದೆ. ಆದ್ದರಿಂದ ಅದರ ಅವಿಭಾಜ್ಯ ಅಪವರ್ತನಗಳಲ್ಲಿ ಒಂದಕ್ಕಾದರೂ ಶೇಷ 5 ಇರಬೇಕು. ಪಟ್ಟಿಯ ಯಾವ ಅವಿಭಾಜ್ಯವೂ ಆ ಸಂಖ್ಯೆಯನ್ನು ಭಾಗಿಸಲಾರದ ಕಾರಣ ಅದು ಹೊಸ ಅವಿಭಾಜ್ಯ.

ಪರಸ್ಪರ ಭಾಗಾಕಾರ

ಅ = ಬ × ಲ + ಶ ಆಗಿದ್ದರೆ, ಅ ಮತ್ತು ಬ-ಗಳ ಸಾಮಾನ್ಯ ಅಪವರ್ತನಗಳೂ ಬ ಮತ್ತು ಶ-ಗಳ ಸಾಮಾನ್ಯ ಅಪವರ್ತನಗಳೂ ಒಂದೇ. ಆದ್ದರಿಂದ ದೊಡ್ಡ ಜೋಡಿಯ ಬದಲು ಚಿಕ್ಕ ಜೋಡಿಯ ಮ.ಸಾ.ಅ.ವನ್ನು ಕಂಡುಹಿಡಿದರೆ ಸಾಕು. ಭಾಜಕವನ್ನು ಶೇಷದಿಂದ, ಆ ಶೇಷವನ್ನು ಮುಂದಿನ ಶೇಷದಿಂದ ಹೀಗೆ ಭಾಗಿಸುತ್ತ ಹೋದರೆ ಶೇಷಗಳು ಇಳಿಯುತ್ತ ಕೊನೆಗೆ 0 ಬರುತ್ತದೆ. ಅದಕ್ಕಿಂತ ಹಿಂದಿನ ಶೇಷವೇ ಮ.ಸಾ.ಅ. ‘ಎಲಿಮೆಂಟ್ಸ್’ನ 7ನೆಯ ಸಂಪುಟ ಈ ಕ್ರಮದಿಂದಲೇ ಆರಂಭವಾಗುತ್ತದೆ.

ಅವಳಿ ನಗರದ ಎರಡು ಸಂಖ್ಯೆಗಳಿಗೆ ಇದನ್ನು ಅನ್ವಯಿಸಿದರೆ:

580020 = 580001 × 1 + 19
580001 = 19 × 30526 + 7
19 = 7 × 2 + 5
7 = 5 × 1 + 2
5 = 2 × 2 + 1

ಮುಂದಿನ ಭಾಗಾಕಾರದಲ್ಲಿ ಶೇಷ 0. ಆದ್ದರಿಂದ ಮ.ಸಾ.ಅ. 1, ಎರಡು ಸಂಖ್ಯೆಗಳು ಸಹ-ಅವಿಭಾಜ್ಯಗಳು. 580001 ಅವಿಭಾಜ್ಯವೆಂದು ತಿಳಿಯಲು 135 ಭಾಗಾಕಾರಗಳು ಬೇಕಾದವು. ಆದರೆ ಎರಡೂ ಸಂಖ್ಯೆಗಳ ಅಪವರ್ತನಗಳೇನೆಂದು ತಿಳಿಯದೆಯೇ ಅವುಗಳ ಮ.ಸಾ.ಅ. ಐದಾರು ಸಾಲುಗಳಲ್ಲಿ ದೊರೆಯಿತು. ಸಾಧನೆಯ ದೃಷ್ಟಿಯಿಂದ ಇದು ಮುಖ್ಯ. ಈ ಕ್ರಮವು ಅವಿಭಾಜ್ಯ ಅಪವರ್ತನದ ಬಗ್ಗೆ ಏನನ್ನೂ ಊಹಿಸಿಕೊಳ್ಳುವುದಿಲ್ಲವಾದ್ದರಿಂದ, ಅದರ ಮೇಲೆ ಕಟ್ಟಿದ ವಾದ ಚಕ್ರದಂತೆ ತಿರುಗುವುದಿಲ್ಲ.

ಪ್ರತಿಯೊಂದು ಸಾಲಿನ ಶೇಷವೂ ಅದರ ಹಿಂದಿನ ಎರಡು ಸಂಖ್ಯೆಗಳಿಂದ ಬಂದುದು. ಕೆಳಗಿನಿಂದ ಮೇಲಕ್ಕೆ ಒಂದೊಂದೇ ಸಾಲನ್ನು ಆದೇಶಿಸುತ್ತ ಹೋದರೆ ಮ.ಸಾ.ಅ.ವನ್ನು ಮೂಲದ ಎರಡು ಸಂಖ್ಯೆಗಳ ಅಪವರ್ತ್ಯಗಳ ವ್ಯತ್ಯಾಸವಾಗಿ ಬರೆಯಬಹುದು:

1 = 244211 × 580020 − 244219 × 580001

ಸಾಮಾನ್ಯ ರೂಪದಲ್ಲಿ ಹೇಳುವುದಾದರೆ, ಅ ಮತ್ತು ಬ ಸಹ-ಅವಿಭಾಜ್ಯಗಳಾಗಿದ್ದರೆ ಅ × ಮ + ಬ × ನ = 1 ಆಗುವಂತೆ ಮ, ನ ಎಂಬ ಪೂರ್ಣಾಂಕಗಳು ಇರುತ್ತವೆ; ಅವುಗಳಲ್ಲಿ ಒಂದು ಋಣಸಂಖ್ಯೆಯಾಗಿರಬಹುದು. ಇದನ್ನು ಇಂದು ಬೆಜೂನ ಸಮೀಕರಣ ಎಂದು ಕರೆಯುತ್ತಾರೆ.

ಕುಟ್ಟಕ ವಿಧಾನ

ಕೊಟ್ಟ ಸಂಖ್ಯೆಯಿಂದ ಗುಣಿಸಿ, ಇನ್ನೊಂದನ್ನು ಕೂಡಿಸಿ, ಮತ್ತೊಂದರಿಂದ ಭಾಗಿಸಿದಾಗ ಶೇಷ ಉಳಿಯದಂತೆ ಮಾಡುವ ಗುಣಕವನ್ನು ಹುಡುಕುವ ವಿಧಾನಕ್ಕೆ ಭಾರತೀಯ ಗಣಿತದಲ್ಲಿ ಕುಟ್ಟಕ ಎಂದು ಹೆಸರು. ಕುಟ್ಟುವುದು ಎಂದರೆ ಪುಡಿಮಾಡುವುದು. ದೊಡ್ಡ ಸಂಖ್ಯೆಗಳನ್ನು ಪರಸ್ಪರ ಭಾಗಾಕಾರದಿಂದ ಚಿಕ್ಕದಾಗಿಸುತ್ತ ಹೋಗುವ ಕ್ರಮಕ್ಕೆ ಈ ಹೆಸರು ಒಪ್ಪುತ್ತದೆ. 499ರ ‘ಆರ್ಯಭಟೀಯ’ದಲ್ಲಿ ಇದರ ಸೂತ್ರವಿದೆ. ಭಾಗಲಬ್ಧಗಳನ್ನು ಒಂದರ ಕೆಳಗೊಂದು ಬಳ್ಳಿಯಂತೆ ಬರೆದು ಲೆಕ್ಕವನ್ನು ಕೆಳಗಿನಿಂದ ಮೇಲಕ್ಕೆ ಕೊಂಡೊಯ್ಯುವುದರಿಂದ ಮಹಾವೀರಾಚಾರ್ಯನು ಇದನ್ನು ವಲ್ಲಿಕಾ-ಕುಟ್ಟೀಕಾರ ಎಂದು ಕರೆದಿದ್ದಾನೆ.

‘ಗಣಿತಸಾರಸಂಗ್ರಹ’ದ ಒಂದು ಪ್ರಸಿದ್ಧ ಸಮಸ್ಯೆಯ ಸಾರ ಹೀಗಿದೆ: ಸಮಾನವಾದ 63 ಬಾಳೆಹಣ್ಣಿನ ರಾಶಿಗಳಿಗೆ ಇನ್ನೂ 7 ಹಣ್ಣುಗಳನ್ನು ಸೇರಿಸಿ 23 ಪ್ರಯಾಣಿಕರಿಗೆ ಸಮನಾಗಿ ಹಂಚಲಾಯಿತು, ಒಂದೊಂದು ರಾಶಿಯಲ್ಲಿ ಎಷ್ಟು ಹಣ್ಣುಗಳಿದ್ದವು? ಪರಸ್ಪರ ಭಾಗಾಕಾರ ಹೀಗೆ ಸಾಗುತ್ತದೆ:

63 = 23 × 2 + 17
23 = 17 × 1 + 6
17 = 6 × 2 + 5
6 = 5 × 1 + 1

ಅತಿ ಚಿಕ್ಕ ಉತ್ತರ 5. ಆಗ ಒಟ್ಟು ಹಣ್ಣುಗಳು 63 × 5 + 7 = 322; ಪ್ರತಿಯೊಬ್ಬನಿಗೂ 14. ಈ 5ಕ್ಕೆ 23ನ್ನು ಎಷ್ಟು ಸಲ ಕೂಡಿಸಿದರೂ ಬೇರೆ ಬೇರೆ ಉತ್ತರಗಳು ದೊರೆಯುತ್ತವೆ.

ಇಲ್ಲಿ 23 ಅವಿಭಾಜ್ಯ. ಅದು 63ನ್ನು ಭಾಗಿಸುವುದಿಲ್ಲ. ಆದ್ದರಿಂದ 7ರ ಬದಲು ಎಷ್ಟೇ ಬಿಡಿ ಹಣ್ಣುಗಳಿದ್ದರೂ ಸಮಸ್ಯೆಗೆ ಉತ್ತರವಿದ್ದೇ ಇರುತ್ತದೆ. ಪ್ರಯಾಣಿಕರು 21 ಮಂದಿ ಇದ್ದರೆ ಸ್ಥಿತಿ ಬದಲಾಗುತ್ತದೆ: 63 ರಾಶಿಗಳನ್ನು 21ರಿಂದ ಭಾಗಿಸಿದಾಗ ಏನೂ ಉಳಿಯುವುದಿಲ್ಲವಾದ್ದರಿಂದ ಆ 7 ಹಣ್ಣುಗಳು ಯಾವಾಗಲೂ ಶೇಷವಾಗಿಯೇ ಉಳಿಯುತ್ತವೆ.

ಉತ್ತರ ಯಾವಾಗ ಇರುತ್ತದೆ, ಯಾವಾಗ ಇರುವುದಿಲ್ಲ ಎಂಬ ನಿಯಮವನ್ನು ಎರಡನೆಯ ಭಾಸ್ಕರಾಚಾರ್ಯನು 12ನೆಯ ಶತಮಾನದ ‘ಲೀಲಾವತಿ’ಯ ಕುಟ್ಟಕ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದ್ದಾನೆ. ಭಾಜ್ಯವನ್ನೂ ಹಾರವನ್ನೂ ಭಾಗಿಸುವ ಸಂಖ್ಯೆಯು ಕ್ಷೇಪವನ್ನು, ಎಂದರೆ ಕೂಡಿಸಬೇಕಾದ ಸಂಖ್ಯೆಯನ್ನು, ಭಾಗಿಸದಿದ್ದರೆ ಸಮಸ್ಯೆಯೇ ದೋಷಯುಕ್ತ. ಅವನ ಮೊದಲ ಉದಾಹರಣೆಯಲ್ಲಿ ಭಾಜ್ಯ 221, ಹಾರ 195, ಕ್ಷೇಪ 65. ಪರಸ್ಪರ ಭಾಗಾಕಾರದಲ್ಲಿ 26, 13, 0 ಎಂಬ ಶೇಷಗಳು ಬರುವುದರಿಂದ ಮ.ಸಾ.ಅ. 13. ಅದು 65ನ್ನೂ ಭಾಗಿಸುತ್ತದೆ. ಮೂರನ್ನೂ 13ರಿಂದ ಭಾಗಿಸಿದರೆ 17, 15, 5 ದೊರೆಯುತ್ತವೆ. ಹೀಗೆ ಸಹ-ಅವಿಭಾಜ್ಯವಾಗುವಂತೆ ಇಳಿಸಿದ ಭಾಜ್ಯ ಮತ್ತು ಹಾರಗಳಿಗೆ ‘ದೃಢ’ ಎಂಬ ಹೆಸರಿದೆ. ಗುಣಕ 5, ಲಬ್ಧಿ 6: 221 × 5 + 65 = 1170 = 195 × 6.

ಕುಟ್ಟಕದ ಉದ್ದೇಶ ಅವಿಭಾಜ್ಯಗಳ ಅಧ್ಯಯನವಾಗಿರಲಿಲ್ಲ. ಗ್ರಹಗಣಿತದಲ್ಲಿ ಕಾಲಚಕ್ರಗಳನ್ನು ಹೊಂದಿಸುವುದು ಅದರ ಮುಖ್ಯ ಬಳಕೆಯಾಗಿತ್ತು. ಆದರೂ ಅವಿಭಾಜ್ಯಗಳ ಕೇಂದ್ರ ಗುಣವನ್ನು ಸಾಧಿಸಲು ಬೇಕಾದ ಸಾಧನ ಇದೇ ಆಗಿದೆ.

ಯೂಕ್ಲಿಡನ ಅನುಪ್ರಮೇಯ

ಪ ಎಂಬ ಅವಿಭಾಜ್ಯವು ಅ × ಬ ಎಂಬ ಗುಣಲಬ್ಧವನ್ನು ಭಾಗಿಸಿದರೆ, ಅದು ಅ-ವನ್ನಾದರೂ ಬ-ವನ್ನಾದರೂ ಭಾಗಿಸುತ್ತದೆ. ‘ಎಲಿಮೆಂಟ್ಸ್’ನ 7ನೆಯ ಸಂಪುಟದ 30ನೆಯ ಪ್ರಮೇಯವಿದು.

ಸಾಧನೆ: ಪ-ವು ಅ-ವನ್ನು ಭಾಗಿಸುವುದಿಲ್ಲ ಎಂದಿರಲಿ. ಪ-ದ ಅಪವರ್ತನಗಳು 1 ಮತ್ತು ಪ ಮಾತ್ರ; ಪ-ವು ಅ-ವನ್ನು ಭಾಗಿಸದ ಕಾರಣ ಎರಡರ ಮ.ಸಾ.ಅ. 1. ಆದ್ದರಿಂದ

ಪ × ಮ + ಅ × ನ = 1

ಆಗುವಂತೆ ಮ, ನ ಎಂಬ ಪೂರ್ಣಾಂಕಗಳಿವೆ. ಎರಡೂ ಬದಿಗಳನ್ನು ಬ-ದಿಂದ ಗುಣಿಸಿದರೆ

ಪ × ಮ × ಬ + ಅ × ಬ × ನ = ಬ

ಮೊದಲ ಪದದಲ್ಲಿ ಪ ಇದೆ. ಎರಡನೆಯ ಪದದಲ್ಲಿರುವ ಅ × ಬ-ವನ್ನು ಪ-ವು ಭಾಗಿಸುತ್ತದೆ. ಹಾಗಾಗಿ ಅವುಗಳ ಮೊತ್ತವಾದ ಬ-ವನ್ನೂ ಪ-ವು ಭಾಗಿಸುತ್ತದೆ.

ಅವಿಭಾಜ್ಯದ ವ್ಯಾಖ್ಯೆ ಹೇಳುವುದು ಆ ಸಂಖ್ಯೆಯನ್ನು ಯಾವುವು ಭಾಗಿಸುತ್ತವೆ ಎಂಬುದನ್ನು. ಅನುಪ್ರಮೇಯ ಹೇಳುವುದು ಆ ಸಂಖ್ಯೆ ಯಾವುದನ್ನು ಭಾಗಿಸುತ್ತದೆ ಎಂಬುದನ್ನು. ಇವೆರಡೂ ಒಂದೇ ಮಾತಲ್ಲ. ಇವುಗಳ ನಡುವಿನ ಸೇತುವೆಯೇ ಮೇಲಿನ ಸಮೀಕರಣ.

ಬಾಳೆಹಣ್ಣಿನ ಸಮಸ್ಯೆಯಲ್ಲಿ ಈ ಗುಣವನ್ನು ನೇರವಾಗಿ ಕಾಣಬಹುದು. ರಾಶಿಯೊಂದರ ಹಣ್ಣುಗಳು ಅ ಆಗಿದ್ದರೆ ಒಟ್ಟು ಹಣ್ಣುಗಳು 63 × ಅ + 7, ಎಂದರೆ 7 × (9 × ಅ + 1). ಇದನ್ನು 23 ಭಾಗಿಸಬೇಕು. 23 ಅವಿಭಾಜ್ಯ, ಅದು 7ನ್ನು ಭಾಗಿಸುವುದಿಲ್ಲ. ಆದ್ದರಿಂದ ಅದು 9 × ಅ + 1ನ್ನು ಭಾಗಿಸಲೇಬೇಕು. ಅ = 5 ಆದಾಗ 9 × 5 + 1 = 46 = 23 × 2.

ಸಂಯುಕ್ತ ಸಂಖ್ಯೆಗಳಿಗೆ ಈ ಗುಣವಿಲ್ಲ. 6 ಎಂಬುದು 4 × 9 = 36ನ್ನು ಭಾಗಿಸುತ್ತದೆ, ಆದರೆ 4ನ್ನಾಗಲಿ 9ನ್ನಾಗಲಿ ಭಾಗಿಸುವುದಿಲ್ಲ. ಹಾಗೆಯೇ ಹುಬ್ಬಳ್ಳಿಯ 580020 ಸಂಖ್ಯೆಯು 420 × 1381ಕ್ಕೆ ಸಮ. ಆ ಗುಣಲಬ್ಧವನ್ನು ಭಾಗಿಸುವ ಅದು ಎರಡು ಅಪವರ್ತನಗಳಲ್ಲಿ ಯಾವುದನ್ನೂ ಭಾಗಿಸುವುದಿಲ್ಲ. ಧಾರವಾಡದ 580001 ಅವಿಭಾಜ್ಯವಾದ್ದರಿಂದ, ತನಗಿಂತ ಚಿಕ್ಕದಾದ ಯಾವ ಎರಡು ಧನಪೂರ್ಣಾಂಕಗಳ ಗುಣಲಬ್ಧವನ್ನೂ ಅದು ಭಾಗಿಸಲಾರದು.

ಅಂಕಗಣಿತದ ಮೂಲಭೂತ ಪ್ರಮೇಯ

1ಕ್ಕಿಂತ ದೊಡ್ಡದಾದ ಪ್ರತಿಯೊಂದು ಸಂಖ್ಯೆಯನ್ನೂ ಅವಿಭಾಜ್ಯಗಳ ಗುಣಲಬ್ಧವಾಗಿ ಬರೆಯಬಹುದು. ಅಪವರ್ತನಗಳ ಅನುಕ್ರಮವನ್ನು ಬಿಟ್ಟರೆ ಹಾಗೆ ಬರೆಯುವ ಬಗೆ ಒಂದೇ. ಸಂಖ್ಯೆಯೇ ಅವಿಭಾಜ್ಯವಾಗಿದ್ದರೆ ಅದೊಂದೇ ಗುಣಲಬ್ಧವೆಂದು ಗಣಿಸಲಾಗುತ್ತದೆ.

ಅಸ್ತಿತ್ವದ ಸಾಧನೆ: ಸಂಖ್ಯೆಯನ್ನು ಅದರ ಅತಿ ಚಿಕ್ಕ ಅವಿಭಾಜ್ಯ ಅಪವರ್ತನದಿಂದ ಭಾಗಿಸಬೇಕು, ಭಾಗಲಬ್ಧವನ್ನು ಅದರ ಅತಿ ಚಿಕ್ಕ ಅವಿಭಾಜ್ಯ ಅಪವರ್ತನದಿಂದ ಭಾಗಿಸಬೇಕು. ಭಾಗಲಬ್ಧಗಳು ಇಳಿಯುತ್ತ ಹೋಗುವುದರಿಂದ ಕೊನೆಗೆ 1 ಬರುತ್ತದೆ.

ಏಕೈಕತೆಯ ಸಾಧನೆ: ಒಂದೇ ಸಂಖ್ಯೆಯನ್ನು ಅವಿಭಾಜ್ಯಗಳ ಎರಡು ಗುಣಲಬ್ಧಗಳಾಗಿ ಬರೆಯಲಾಗಿದೆ ಎಂದಿರಲಿ. ಮೊದಲ ಗುಣಲಬ್ಧದ ಒಂದು ಅವಿಭಾಜ್ಯವು ಎರಡನೆಯ ಗುಣಲಬ್ಧವನ್ನು ಭಾಗಿಸುತ್ತದೆ. ಯೂಕ್ಲಿಡನ ಅನುಪ್ರಮೇಯವನ್ನು ಮತ್ತೆ ಮತ್ತೆ ಬಳಸಿದರೆ, ಅದು ಎರಡನೆಯದರಲ್ಲಿರುವ ಯಾವುದೋ ಒಂದು ಅವಿಭಾಜ್ಯವನ್ನು ಭಾಗಿಸಬೇಕು. ಒಂದು ಅವಿಭಾಜ್ಯ ಇನ್ನೊಂದನ್ನು ಭಾಗಿಸಿದರೆ ಎರಡೂ ಒಂದೇ. ಆ ಸಮಾನ ಅವಿಭಾಜ್ಯವನ್ನು ಎರಡೂ ಕಡೆಯಿಂದ ತೆಗೆದುಹಾಕಿ ಇದೇ ವಾದವನ್ನು ಮುಂದುವರಿಸಿದರೆ ಎರಡು ಪಟ್ಟಿಗಳು ಪೂರ್ತಿಯಾಗಿ ಒಂದೇ ಎಂದು ತಿಳಿಯುತ್ತದೆ.

ಈ ಪ್ರಮೇಯದ ಪೂರ್ಣ ಹೇಳಿಕೆಯನ್ನೂ ಸಾಧನೆಯನ್ನೂ ಕಾರ್ಲ್ ಫ್ರೆಡ್ರಿಕ್ ಗೌಸ್ 1801ರಲ್ಲಿ ಪ್ರಕಟವಾದ ‘ಡಿಸ್ಕ್ವಿಸಿಷಿಯೋನೆಸ್ ಅರಿತ್ಮೆಟಿಕೆ’ ಗ್ರಂಥದಲ್ಲಿ ಕೊಟ್ಟನು.

ಏಕೈಕತೆ ಏಕೆ ಸ್ವಯಂಸಿದ್ಧವಲ್ಲ

ಅಪವರ್ತನದ ಏಕೈಕತೆ ಚಿಕ್ಕಂದಿನಿಂದ ರೂಢಿಯಾಗಿರುವುದರಿಂದ ಅದಕ್ಕೆ ಸಾಧನೆಯೇ ಬೇಡವೆನಿಸಬಹುದು. ಇದು ಸರಿಯಲ್ಲವೆಂದು ತೋರಿಸಲು 3ರಿಂದ ಭಾಗಿಸಿದಾಗ ಶೇಷ 1 ಉಳಿಯುವ ಸಂಖ್ಯೆಗಳನ್ನು ಮಾತ್ರ ತೆಗೆದುಕೊಳ್ಳಬಹುದು:

1, 4, 7, 10, 13, 16, 19, 22, 25, …

ಇವುಗಳಲ್ಲಿ ಯಾವ ಎರಡನ್ನು ಗುಣಿಸಿದರೂ ಗುಣಲಬ್ಧ ಇದೇ ಗುಂಪಿನಲ್ಲಿರುತ್ತದೆ. ಈ ಗುಂಪಿನೊಳಗೆ 4, 10, 25 ಮೂರನ್ನೂ ಇನ್ನಷ್ಟು ಒಡೆಯಲಾಗದು. 2 ಮತ್ತು 5 ಇದರಲ್ಲಿ ಇಲ್ಲ. ಆದರೂ

100 = 4 × 25 = 10 × 10

ಎಂಬ ಎರಡು ಭಿನ್ನ ಅಪವರ್ತನಗಳಿವೆ. ಒಡೆಯಲಾಗದ 10 ಎಂಬುದು 4 × 25ನ್ನು ಭಾಗಿಸಿದರೂ 4ನ್ನಾಗಲಿ 25ನ್ನಾಗಲಿ ಭಾಗಿಸುವುದಿಲ್ಲ. ಗುಣಾಕಾರ ಇಲ್ಲಿ ಎಂದಿನಂತೆಯೇ ನಡೆಯುತ್ತದೆ. ಇಲ್ಲದಿರುವುದು ಶೇಷಸಹಿತ ಭಾಗಾಕಾರ. 10ರಿಂದ 4ನ್ನು ಕಳೆದರೆ ಬರುವ 6 ಗುಂಪಿನ ಹೊರಗಿದೆ. ಕಳೆಯಲು ಬಾರದಿದ್ದಲ್ಲಿ ಶೇಷವಿಲ್ಲ, ಶೇಷವಿಲ್ಲದಲ್ಲಿ ಕುಟ್ಟಕವಿಲ್ಲ, ಕುಟ್ಟಕವಿಲ್ಲದಲ್ಲಿ ಯೂಕ್ಲಿಡನ ಅನುಪ್ರಮೇಯವನ್ನು ಸಾಧಿಸುವ ದಾರಿಯೂ ಇಲ್ಲ.

ಅನ್ವಯಗಳು

ಅವಿಭಾಜ್ಯ ಸಂಖ್ಯೆಯ ವರ್ಗಮೂಲ ಅಭಾಗಲಬ್ಧ: ಪ-ದ ವರ್ಗಮೂಲವು ಅ/ಬ ಎಂಬ ಸಂಕ್ಷಿಪ್ತ ಭಿನ್ನರಾಶಿಯಾಗಿದ್ದರೆ ಅ × ಅ = ಪ × ಬ × ಬ. ಅನುಪ್ರಮೇಯದ ಪ್ರಕಾರ ಪ-ವು ಅ-ವನ್ನು ಭಾಗಿಸುತ್ತದೆ. ಆಗ ಎಡಬದಿಯನ್ನು ಪ-ದ ವರ್ಗ ಭಾಗಿಸುವುದರಿಂದ ಪ-ವು ಬ-ವನ್ನೂ ಭಾಗಿಸಬೇಕಾಗುತ್ತದೆ. ಭಿನ್ನರಾಶಿ ಸಂಕ್ಷಿಪ್ತ ರೂಪದಲ್ಲಿದೆ ಎಂಬುದಕ್ಕೆ ಇದು ವಿರುದ್ಧ.

ಫರ್ಮಾನ ಕಿರು ಪ್ರಮೇಯ: ಪ-ವು ಅ-ವನ್ನು ಭಾಗಿಸದಿದ್ದರೆ, ಅ-ದ (ಪ − 1)ನೆಯ ಘಾತವನ್ನು ಪ-ದಿಂದ ಭಾಗಿಸಿದಾಗ ಶೇಷ 1. ಅ, 2 × ಅ, 3 × ಅ ಹೀಗೆ (ಪ − 1) × ಅ ವರೆಗಿನ ಅಪವರ್ತ್ಯಗಳನ್ನು ಪ-ದಿಂದ ಭಾಗಿಸಿದಾಗ, ಅನುಪ್ರಮೇಯದ ಕಾರಣದಿಂದ, ಯಾವ ಶೇಷವೂ 0 ಆಗುವುದಿಲ್ಲ. ಯಾವ ಎರಡು ಶೇಷಗಳೂ ಸಮವಾಗುವುದಿಲ್ಲ. ಆದ್ದರಿಂದ ಶೇಷಗಳು 1ರಿಂದ ಪ − 1ರವರೆಗಿನ ಸಂಖ್ಯೆಗಳೇ, ಅನುಕ್ರಮ ಮಾತ್ರ ಬೇರೆ. ಎರಡೂ ಪಟ್ಟಿಗಳ ಗುಣಲಬ್ಧಗಳನ್ನು ಹೋಲಿಸಿ, ಪ-ದಿಂದ ಭಾಗವಾಗದ ಸಮಾನ ಅಪವರ್ತನಗಳನ್ನು ತೆಗೆದರೆ ಪ್ರಮೇಯ ದೊರೆಯುತ್ತದೆ. ಪ = 7, ಅ = 3 ಆದಾಗ ಶೇಷಗಳು 3, 6, 2, 5, 1, 4; 3ರ 6ನೆಯ ಘಾತ 729 = 7 × 104 + 1. ವಿಲೋಮ ಸತ್ಯವಲ್ಲ: 561 = 3 × 11 × 17 ಎಂಬುದು ಸಂಯುಕ್ತವಾಗಿದ್ದರೂ ತನ್ನೊಡನೆ ಸಹ-ಅವಿಭಾಜ್ಯವಾದ ಎಲ್ಲ ಸಂಖ್ಯೆಗಳಿಗೂ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ.

ಗೂಢಲಿಪಿ ಮತ್ತು ಗಣಕಯಂತ್ರ: 1977ರ ಆರ್‌ಎಸ್‌ಎ ಗೂಢಲಿಪಿ ಕ್ರಮ ಈ ಶೇಷಗಣಿತವನ್ನೇ ಅವಲಂಬಿಸಿದೆ. ಅದರ ರಹಸ್ಯ ಕೀಲಿಯನ್ನು ಪರಸ್ಪರ ಭಾಗಾಕಾರದಿಂದ ಕ್ಷಣದಲ್ಲಿ ಲೆಕ್ಕಹಾಕಬಹುದು. ಆದರೆ ಕೀಲಿಯನ್ನು ತಿಳಿಯದವರು ದೊಡ್ಡ ಸಂಖ್ಯೆಯೊಂದರ ಅಪವರ್ತನಗಳನ್ನು ಕಂಡುಹಿಡಿಯಬೇಕಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಐದಾರು ಸಾಲುಗಳಿಗೂ 135 ಭಾಗಾಕಾರಗಳಿಗೂ ಕಂಡ ಅಂತರವೇ ಸಂಖ್ಯೆಗಳು ನೂರಾರು ಅಂಕಿಗಳಾದಾಗ ಅಗಾಧವಾಗಿ ಬೆಳೆಯುತ್ತದೆ. ಅಪವರ್ತನಗಳನ್ನು ಹುಡುಕದೆಯೇ, ಒಂದು ಸಂಖ್ಯೆ ಅವಿಭಾಜ್ಯವೇ ಎಂಬುದನ್ನು ಮಾತ್ರ ಬಹುಪದೀಯ ಕಾಲದಲ್ಲಿ ಖಚಿತವಾಗಿ ನಿರ್ಣಯಿಸುವ ಕ್ರಮವನ್ನು 2002ರಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ನೀಡಿದರು.

ಕರ್ನಾಟಕದ ಗಣಿತ ಪರಂಪರೆಯಲ್ಲಿ

ಮಹಾವೀರಾಚಾರ್ಯನು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದವನು. ಅಮೋಘವರ್ಷನ ರಾಜಧಾನಿ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಸುಮಾರು 850ರಲ್ಲಿ ಸಂಸ್ಕೃತದಲ್ಲಿ ರಚಿತವಾದ ‘ಗಣಿತಸಾರಸಂಗ್ರಹ’ವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು. ಭಿನ್ನರಾಶಿಗಳನ್ನು ಕೂಡಿಸಲು ಛೇದಗಳ ಲಘುತಮ ಸಾಮಾನ್ಯ ಅಪವರ್ತ್ಯವನ್ನು ಬಳಸುವ ಕ್ರಮವೂ ಈ ಗ್ರಂಥದಲ್ಲಿದೆ. ಅದನ್ನು ಅಲ್ಲಿ ‘ನಿರುದ್ಧ’ ಎಂದು ಕರೆಯಲಾಗಿದೆ. ಕನ್ನಡದಲ್ಲಿಯೇ ಗಣಿತವನ್ನು ಬರೆದವರಲ್ಲಿ 12ನೆಯ ಶತಮಾನದ ರಾಜಾದಿತ್ಯ ಮೊದಲಿಗನೆಂದು ಪರಿಗಣಿತನಾಗಿದ್ದಾನೆ. ‘ವ್ಯವಹಾರಗಣಿತ’ ಅವನ ಪ್ರಸಿದ್ಧ ಕೃತಿ. ಭಾಸ್ಕರಾಚಾರ್ಯನು ತನ್ನ ಊರೆಂದು ಹೇಳಿಕೊಂಡಿರುವ ವಿಜ್ಜಡವಿಡವನ್ನು ಕೆಲವರು ಇಂದಿನ ವಿಜಯಪುರವೆಂದೂ, ಇನ್ನು ಕೆಲವರು ಮಹಾರಾಷ್ಟ್ರದ ಚಾಳೀಸಗಾಂವ ಸಮೀಪದ ಸ್ಥಳವೆಂದೂ ಗುರುತಿಸುತ್ತಾರೆ. ಆಧುನಿಕ ಕಾಲದಲ್ಲಿ ಮಂಡ್ಯದಲ್ಲಿ ಜನಿಸಿದ ಕೆ. ರಾಮಚಂದ್ರ (1933–2011) ಅವರು ಅವಿಭಾಜ್ಯಗಳ ವಿತರಣೆಗೆ ಸಂಬಂಧಿಸಿದ ಸಂಶೋಧನೆಗಳಿಂದ ಹೆಸರಾದರು, ಆರ್. ಬಾಲಸುಬ್ರಮಣಿಯನ್ ಅವರೊಡನೆ 1978ರಲ್ಲಿ ‘ಹಾರ್ಡಿ–ರಾಮಾನುಜನ್ ಜರ್ನಲ್’ ಎಂಬ ಸಂಖ್ಯಾಸಿದ್ಧಾಂತದ ಪತ್ರಿಕೆಯನ್ನು ಆರಂಭಿಸಿದರು.